ಬಾವಿಯೊಳಗಿನ ಭೂಮಿ: ನಿಸರ್ಗ ಕೇಂದ್ರದ ಕಲ್ಲಿನ ಕೋಣೆ ಮತ್ತು ಗಡಿನಾಡಿನ ನೆಲದ ನುಡಿ

ಸೊಲ್ಲಾಪುರದಿಂದ ಬಾರ್ಶಿಗೆ ಹೋಗುವ ದಾರಿಯಲ್ಲಿರುವ ನಾನ್ನಜದ ಹುಲ್ಲುಗಾವಲು ಒಂದು ಹಕ್ಕಿಯಿಂದ ಹೆಸರಾದುದು. 1979ರಲ್ಲಿ ಅಭಯಾರಣ್ಯವಾಗಿ ಘೋಷಿತವಾದ ಆ ನೆಲಕ್ಕೆ ಜನ ಬರುವುದು ಆ ಹಕ್ಕಿಯನ್ನು ಅರಸಿಕೊಂಡು. ಇಂದು ಅದು ಕಣ್ಣಿಗೆ ಬೀಳುವುದೇ ಅಪರೂಪವಾಗಿದೆ. ಮರಾಠಿಯಲ್ಲಿ ಅದರ ಹೆಸರು ಮಾಳಢೋಕ. ಕನ್ನಡದ ಎರೆಸೀಮೆಯಲ್ಲಿ ಅದು ಎರೆಭೂತ. ಒಂದು ನುಡಿ ಅದನ್ನು ಮಾಳದ ಜೀವಿಯೆಂದು ಗುರುತಿಸಿತು, ಇನ್ನೊಂದು ಎರೆಯ ಜೀವಿಯೆಂದು. ಬಣ್ಣ, ಕೂಗುಗಳಿಗಿಂತ ಮೊದಲು ಹಕ್ಕಿ ನಿಂತ ನೆಲವನ್ನು ಹೇಳುವ ಹೆಸರುಗಳಿವು. ಕಲ್ಲಿನ ಮೇಲೆ ಮಣ್ಣು ಎಷ್ಟು ದಪ್ಪವಿದೆ ಎಂಬುದರಿಂದಲೇ ಅಲ್ಲಿ ಹುಲ್ಲೋ ಜೋಳವೋ, ಕುರಿಯೋ ಎತ್ತೋ ಎಂಬುದು ನಿರ್ಧಾರವಾಗುವ ಸೀಮೆಯಲ್ಲಿ ಇದು ಸಹಜವೇ ಆಗಿದೆ.

ನಿಸರ್ಗ ಮಾಹಿತಿ ಕೇಂದ್ರಗಳ ಒಳಗೆ ಕಾಲಿಟ್ಟಾಗ ಸಾಮಾನ್ಯವಾಗಿ ಕಾಣದಿರುವುದು ಈ ನೆಲವೇ. ಗೋಡೆಯ ತುಂಬ ಹಕ್ಕಿ, ಚಿಗರಿ, ತೋಳಗಳ ಚಿತ್ರಗಳಿರುತ್ತವೆ. ಭೂವಿಜ್ಞಾನಕ್ಕೂ ಒಂದು ಸ್ಥಾನ ಕೊಡಬೇಕೆಂದು ಹೊರಟಾಗ ಮೂಲೆಯಲ್ಲಿ ಒಂದು ಗಾಜಿನ ಕಪಾಟು ಬರುತ್ತದೆ. ಅದರೊಳಗೆ ಮುಷ್ಟಿಗಾತ್ರದ ಕಲ್ಲುಗಳ ಸಾಲು, ಒಂದೊಂದರ ಕೆಳಗೂ ಸಂಖ್ಯೆ ಮತ್ತು ಹೆಸರು. ಅಗ್ನಿಶಿಲೆ, ಜಲಜಶಿಲೆ, ರೂಪಾಂತರ ಶಿಲೆ ಎಂಬ ಪಠ್ಯಪುಸ್ತಕದ ಕ್ರಮವೇ ಕಪಾಟಿನ ಕ್ರಮವೂ ಆಗುತ್ತದೆ. ನೋಡುಗ ಅರೆಗಳಿಗೆ ನಿಂತು ಮುಂದೆ ಸಾಗುತ್ತಾನೆ. ತಪ್ಪು ನೋಡುಗನದಲ್ಲ. ಕಲ್ಲು ಎಲ್ಲಿತ್ತು, ಅದರ ಮೇಲೇನಿತ್ತು, ಕೆಳಗೇನಿತ್ತು ಎಂಬುದೇ ಅದರ ಕಥೆ. ಕಪಾಟಿಗೆ ಬಂದ ಕಲ್ಲು ಆ ಕಥೆಯನ್ನು ಕಳೆದುಕೊಂಡೇ ಬಂದಿರುತ್ತದೆ. ಕಲ್ಲಿನ ಪ್ರದರ್ಶನಕ್ಕಾಗಿ ಒಳಾಂಗಣವನ್ನು ಮರುರೂಪಿಸುವವರ ಮೊದಲ ಕೆಲಸ ಆ ನೆಲೆಯನ್ನು ಕಲ್ಲಿಗೆ ಹಿಂದಿರುಗಿಸುವುದು.

ಮಂಗಳವೇಢೆ ತಾಲೂಕಿನ ಹುಲಜಂತಿಯ ಸುತ್ತಲಿನ ನೆಲವನ್ನೇ ಇದಕ್ಕೆ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಮಾಳಿಂಗರಾಯನ ಈ ಊರಿನಲ್ಲಿ ದೀಪಾವಳಿಯ ಹೊತ್ತಿಗೆ ಗಡಿಯ ಎರಡೂ ಕಡೆಯ ಹಾಲುಮತದ ಭಕ್ತರು ಸೇರುತ್ತಾರೆ. ಪಲ್ಲಕ್ಕಿಗಳು ಕೂಡುವಾಗ ಎರಚುವ ಭಂಡಾರದಿಂದ ಕರಿಗಲ್ಲು ಹಳದಿಯಾಗುತ್ತದೆ. ಆ ಕರಿಗಲ್ಲು ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಭೂಮಿಯ ಮೇಲಿಂದ ಡೈನೋಸಾರುಗಳು ಅಳಿದ ಕಾಲದ ಆಸುಪಾಸಿನಲ್ಲಿ, ನೆಲದ ಬಿರುಕುಗಳಿಂದ ಶಿಲಾರಸ ಮತ್ತೆ ಮತ್ತೆ ಉಕ್ಕಿ ಹರಿದು ಹಾಸಿನ ಮೇಲೆ ಹಾಸಾಗಿ ಹೆಪ್ಪುಗಟ್ಟಿತು. ಇಂದಿಗೂ ಉಳಿದಿರುವ ಅದರ ಹರವು ಸುಮಾರು 5 ಲಕ್ಷ ಚದರ ಕಿಲೋಮೀಟರು. ಸಹ್ಯಾದ್ರಿಯ ಕಡೆ ಸಾವಿರ ಮೀಟರಿಗೂ ಮಿಕ್ಕಿ ದಪ್ಪವಾಗಿರುವ ಈ ರಾಶಿ ಪೂರ್ವಕ್ಕೂ ದಕ್ಷಿಣಕ್ಕೂ ಬಂದಂತೆ ತೆಳ್ಳಗಾಗುತ್ತ ವಿಜಯಪುರ, ಕಲಬುರಗಿಗಳ ಸೀಮೆಯಲ್ಲಿ ಮುಗಿಯುತ್ತದೆ. ಅಲ್ಲಿಂದಾಚೆಗೆ ಶಹಾಬಾದದ ಸುಣ್ಣಗಲ್ಲು, ಬಾದಾಮಿಯ ಮರಳುಗಲ್ಲು, ರಾಯಚೂರಿನ ಗ್ರಾನೈಟ್. ಗೋಲಗುಮ್ಮಟದ ಗೋಡೆ ಮತ್ತು ಮಂಗಳವೇಢೆಯ ಬಾವಿಕಟ್ಟೆ ಒಂದೇ ಬಗೆಯ ಕಲ್ಲು. 1956ರಲ್ಲಿ ಎಳೆದ ರಾಜ್ಯಗಳ ಗಡಿಗೆ ಈ ಕಲ್ಲಿನಲ್ಲಿ ಯಾವ ಗುರುತೂ ಇಲ್ಲ.

ಒಂದೊಂದು ಹರಿವಿನ ಮೇಲ್ಭಾಗ ಗುಳ್ಳೆಗಳಿಂದ ತುಂಬಿ ಮೆದುವಾಗಿರುತ್ತದೆ. ಒಡಲು ಇಡಿಯಾಗಿ, ಗಟ್ಟಿಯಾಗಿರುತ್ತದೆ. ಮಳೆಗಾಳಿಗೆ ಮೆದುವಾದುದು ಬೇಗ ಸವೆದು ಗಟ್ಟಿಯಾದುದು ನಿಲ್ಲುವುದರಿಂದ ನೆಲವೆಲ್ಲ ಮೆಟ್ಟಿಲು ಮೆಟ್ಟಿಲಾಗುತ್ತದೆ. ಈ ಶಿಲಾಸಮೂಹಕ್ಕೆ ಭೂವಿಜ್ಞಾನಿಗಳು ಇಟ್ಟ 'ಟ್ರ್ಯಾಪ್' ಎಂಬ ಹೆಸರು ಮೆಟ್ಟಿಲೆಂಬ ಅರ್ಥದ ಸ್ವೀಡಿಷ್ ಪದದಿಂದ ಬಂದುದು. ಮೆಟ್ಟಿಲಿನ ಮೇಲಿನ ಸಮತಟ್ಟು ಇಲ್ಲಿನವರ ಬಾಯಲ್ಲಿ ಮಡ್ಡಿ: ಗೇಣು ಮಣ್ಣು, ಕುಸುರಾದ ಹುಲ್ಲು, ಕುರಿ. ತಗ್ಗಿನಲ್ಲಿ ಆಳೆತ್ತರದ ಎರೆ, ಹಿಂಗಾರಿ ಜೋಳ. ಮಾಳಿಂಗರಾಯನ ಕುರಿಗಾರ ಪರಂಪರೆಗೂ 2016ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಮಂಗಳವೇಢೆಯ ಜೋಳಕ್ಕೂ ಆಧಾರವಾಗಿರುವುದು ಒಂದೇ ಕಲ್ಲಿನ ಎರಡು ಮಟ್ಟಗಳು. ಇಷ್ಟು ದೊಡ್ಡ ಸಂಗತಿಯನ್ನು ಗಾಜಿನ ಕಪಾಟು ಹೇಳಲಾರದು.

ಈ ತೊಡಕಿಗೆ ಹೊರನಾಡಿನಲ್ಲಿ ಕಂಡುಕೊಂಡ ಒಂದು ಪರಿಹಾರ ಗಮನಾರ್ಹವಾದುದು. ಅಮೆರಿಕದ ಅರಿಜೋನಾ ರಾಜ್ಯದಲ್ಲಿ ಗ್ರ್ಯಾಂಡ್ ಕ್ಯಾನಿಯನ್ ಎಂಬ ಮಹಾಕಮರಿಯ ದಕ್ಷಿಣ ಅಂಚಿಗೆ 1928ರಲ್ಲಿ ಒಂದು ಚಿಕ್ಕ ವೀಕ್ಷಣಾಲಯವನ್ನು ಕಟ್ಟಲಾಯಿತು. ಜಾಗವನ್ನು ಆರಿಸಿದವರು ಜಾನ್ ಮೆರಿಯಮ್ ಮೊದಲಾದ ವಿಜ್ಞಾನಿಗಳು; ಕಟ್ಟಡದ ವಿನ್ಯಾಸ ಹರ್ಬರ್ಟ್ ಮೇಯರನದು. ಆತ ಸ್ಥಳೀಯ ಸುಣ್ಣಗಲ್ಲನ್ನೇ ಬಳಸಿ ಕಟ್ಟಡವನ್ನು ತಗ್ಗಾಗಿ ಕಟ್ಟಿದನು, ಕಮರಿಯ ಕಡೆಗೆ ದೊಡ್ಡ ಕಿಟಕಿಗಳನ್ನಿಟ್ಟನು. ಅಲ್ಲಿ ಮುಖ್ಯ ಪ್ರದರ್ಶನ ಕಿಟಕಿಯೇ. ಒಳಗಿನ ವಸ್ತುಗಳೆಲ್ಲ ಕಿಟಕಿಯಾಚೆ ಕಾಣುವುದನ್ನು ಓದಲು ನೆರವಾಗುವ ಟಿಪ್ಪಣಿಗಳು. 2007ರಲ್ಲಿ ಆ ಕಟ್ಟಡವನ್ನು ಜೀರ್ಣೋದ್ಧಾರಗೊಳಿಸಿ, ಒಳಾಂಗಣವನ್ನು ಭೂವಿಜ್ಞಾನಕ್ಕೆಂದೇ ಅಣಿಗೊಳಿಸಿ, ಮತ್ತೆ ತೆರೆಯಲಾಯಿತು; ಇಂದು ಅದರ ಹೆಸರು ಯಾವಪೈ ಭೂವಿಜ್ಞಾನ ಸಂಗ್ರಹಾಲಯ. 2010ರಲ್ಲಿ ಅದರ ಹೊರಗೆ ಕಾಲದ ಹಾದಿಯೊಂದು ಸಿದ್ಧವಾಯಿತು. ಅಲ್ಲಿ ಒಂದು ಮೀಟರಿಗೆ 10 ಲಕ್ಷ ವರ್ಷ. ದಾರಿಯ ಪಕ್ಕದಲ್ಲಿ ಆಯಾ ವಯಸ್ಸಿನ ಕಲ್ಲುಗಳನ್ನು ನಿಲ್ಲಿಸಲಾಗಿದೆ. ಕೋಟಿಗಳ ಲೆಕ್ಕ ತಲೆಗೆ ಹತ್ತದವನಿಗೂ ಕಾಲುನೋವು ಅರ್ಥವಾಗುತ್ತದೆ.

ಭೀಮಾ ಬಯಲಿನಲ್ಲಿ ಅಂಥ ಕಮರಿ ಇಲ್ಲ. ಆದರೆ ಬಾವಿಗಳಿವೆ. ಮೂವತ್ತು ನಲವತ್ತು ಅಡಿ ಆಳದ ತೆರೆದ ಬಾವಿಯ ಅಂಚಿನಲ್ಲಿ ನಿಂತು ಕೆಳಗೆ ನೋಡಿದವರು ನೋಡುವುದು ಭೂವಿಜ್ಞಾನದ ಒಂದು ಪೂರ್ಣ ಪುಟವನ್ನೇ. ಮೇಲೆ ಎರೆ, ಅದರ ಅಡಿಯಲ್ಲಿ ಬಿಳಿಯ ಸುಣ್ಣದ ಹರಳು ಬೆರೆತ ಮಣ್ಣು, ಅನಂತರ ಕೈಗೆ ಉದುರುವ ಗರಸು, ಅದನ್ನೇ ಮುರುಮು ಎಂದೂ ಕರೆಯುವುದುಂಟು, ಅದರ ಕೆಳಗೆ ಈರುಳ್ಳಿಯ ಸಿಪ್ಪೆಯಂತೆ ಪದರ ಬಿಡುವ ಅರೆಗಲ್ಲು, ಕೊನೆಗೆ ಸಿಡಿಮದ್ದಿಲ್ಲದೆ ಬಗ್ಗದ ಹಾಸುಗಲ್ಲು. ಕೆಲವು ಬಾವಿಗಳಲ್ಲಿ ಎರಡು ಹಾಸುಗಳ ನಡುವೆ ಇಟ್ಟಿಗೆಯ ಬಣ್ಣದ ತೆಳುವಾದ ಕೆಂಪು ಪಟ್ಟಿ ಕಾಣುತ್ತದೆ. ಒಂದು ಹರಿವು ಆರಿ, ಅದರ ಮೈ ಶಿಥಿಲವಾಗಿ, ಅದರ ಮೇಲೆ ಮುಂದಿನ ಹರಿವು ಬರುವವರೆಗಿನ ಬಿಡುವಿನ ಸಾಕ್ಷಿ ಅದು. ಬೆಂಕಿಯ ಯುಗವೂ ಎಡೆಬಿಡದೆ ಉರಿಯಲಿಲ್ಲ ಎಂಬುದನ್ನು ಈ ಒಂದು ಗೆರೆ ಹೇಳುವಷ್ಟು ಸ್ಪಷ್ಟವಾಗಿ ಪುಟಗಟ್ಟಲೆ ವಿವರಣೆ ಹೇಳಲಾರದು.

ಹಾಗಾದರೆ ಗಡಿನಾಡಿನ ನಿಸರ್ಗ ಕೇಂದ್ರವೊಂದರ ಕಲ್ಲಿನ ಕೋಣೆ ಬಾವಿಯ ಕ್ರಮವನ್ನೇ ಹಿಡಿಯುವುದು ಸೂಕ್ತ. ಕೋಣೆಯ ಒಂದು ಗೋಡೆಯನ್ನು ಬಾವಿಯ ಮೈಯಾಗಿ ಮಾಡಿ, ಸೂರಿನ ಹತ್ತಿರ ಎರೆ, ನೆಲದ ಹತ್ತಿರ ಹಾಸುಗಲ್ಲು ಬರುವಂತೆ ಕಟ್ಟಬಹುದು. ಬಣ್ಣ ಬಳಿದ ಪ್ಲಾಸ್ಟರಿನ ನಕಲು ಬೇಡ. ಮಣ್ಣಿನ ನಿಜವಾದ ಕಂಬವನ್ನೇ ಹಲಗೆಗೆ ಅಂಟಿಸಿ ತೆಗೆಯುವ ವಿಧಾನ ಬಹಳ ಹಿಂದಿನಿಂದ ರೂಢಿಯಲ್ಲಿದೆ. ನೆದರ್ಲ್ಯಾಂಡ್ಸ್‌ನ ವಾಗೆನಿಂಗೆನ್ ಪಟ್ಟಣದ ಜಾಗತಿಕ ಮಣ್ಣಿನ ಸಂಗ್ರಹಾಲಯದಲ್ಲಿ ನಾನಾ ದೇಶಗಳ ಇಂಥ ಕಂಬಗಳಿವೆ. ಎರೆಮಣ್ಣಿನ ಕಂಬ ತೆಗೆಯುವುದು ಕಷ್ಟ, ಏಕೆಂದರೆ ಒಣಗಿದಂತೆ ಅದು ಕುಗ್ಗಿ ಬಿರಿಯುತ್ತದೆ. ಆದರೆ ಬಿರಿಯುವುದೇ ಎರೆಯ ಗುಣ. ಬಸಾಲ್ಟಿನಿಂದ ಹುಟ್ಟಿದ ಅದರ ಜೇಡಿ ನೀರುಂಡಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಅಗಲ ಬಿರಿದು, ಮೇಲಿನ ಮಣ್ಣನ್ನು ಬಿರುಕಿನೊಳಗೆ ಬೀಳಿಸಿಕೊಂಡು ತನ್ನನ್ನು ತಾನೇ ಉತ್ತುಕೊಳ್ಳುತ್ತದೆ. ಆಶ್ವಯುಜದಲ್ಲಿ ಬಿತ್ತಿದ ಜೋಳ ಮುಂದೆ ಮಳೆಯನ್ನು ಹೆಚ್ಚಾಗಿ ಕಾಣದೆ ಕೇವಲ ಒಳತೇವದಲ್ಲಿ ತೆನೆಗಟ್ಟುವುದಕ್ಕೆ ಈ ಜೇಡಿಯೇ ಕಾರಣ. ಬಿರಿದ ಕಂಬವನ್ನು ಕೆಟ್ಟಿತೆಂದು ತೆಗೆದುಹಾಕದೆ, ಅದರ ಬಿರುಕಿನ ಪಕ್ಕದಲ್ಲೇ ಈ ಮಾತನ್ನು ಬರೆಯಬೇಕು.

ಒಳಾಂಗಣದ ಲೆಕ್ಕಾಚಾರದಲ್ಲಿ ಕಲ್ಲು ಇತರ ವಸ್ತುಗಳಂತಲ್ಲ. ಮೊದಲನೆಯದು ಭಾರ. ಗಟ್ಟಿ ಬಸಾಲ್ಟಿನ ಒಂದು ಘನ ಅಡಿ 80 ಕಿಲೋಗ್ರಾಮಿಗೂ ಮಿಕ್ಕಿ ತೂಗುತ್ತದೆ. ಹಕ್ಕಿಯ ಚಿತ್ರ ತೂಗುಹಾಕಿದ ಹಲಗೆಗೋಡೆಗೆ ಅದನ್ನು ಹೊರಿಸಲಾಗದು. ನೆಲದಿಂದಲೇ ಎದ್ದ ಕಟ್ಟೆ ಬೇಕು. ಊರ ಕಟ್ಟೆಯಂತೆ ಮೊಣಕಾಲಿನಿಂದ ಸೊಂಟದವರೆಗಿನ ಎತ್ತರದಲ್ಲಿದ್ದರೆ ಮಕ್ಕಳಿಗೂ ಕಲ್ಲು ಕೈಗೆಟಕುತ್ತದೆ. ಎರಡನೆಯದು ಬೆಳಕು. ಚರ್ಮ, ಗರಿ, ಬಟ್ಟೆ, ಬಣ್ಣದ ಚಿತ್ರ ಇವೆಲ್ಲ ಹಗಲಿನ ಬೆಳಕಿಗೆ ಮಾಸುತ್ತವೆ. ಆದ್ದರಿಂದ ಕೇಂದ್ರಗಳಲ್ಲಿ ಕಿಟಕಿಗಳಿಗೆ ಪರದೆ ಬೀಳುತ್ತದೆ, ಇಡೀ ಕೋಣೆ ಕತ್ತಲಾಗುತ್ತದೆ. ಬಸಾಲ್ಟಿಗೆ ಆ ಭಯವಿಲ್ಲ. ಹಕ್ಕಿಗಳ ವಿಭಾಗವನ್ನು ಒಳಗೋಡೆಗೆ ಸರಿಸಿ, ಕಲ್ಲನ್ನು ಕಿಟಕಿಯ ಬದಿಗೆ ತಂದರೆ ಮರುರೂಪದ ಅರ್ಧ ಕೆಲಸ ಹಣವಿಲ್ಲದೆಯೇ ಆದಂತೆ. ಎದುರಿನಿಂದ ಬಿದ್ದ ಬೆಳಕಿನಲ್ಲಿ ಕರಿಗಲ್ಲು ಬರಿಯ ಕರಿಯ ಮುದ್ದೆಯಾಗಿ ಕಾಣುತ್ತದೆ. ಪಕ್ಕದಿಂದ ಓರೆಯಾಗಿ ಬಿದ್ದರೆ ಗುಳ್ಳೆಯ ಕುಳಿಗಳೂ ಹರಳಿನ ಮೈಯೂ ಎದ್ದು ಕಾಣುತ್ತವೆ. ಬೆಳಗಿನ ಮತ್ತು ಸಂಜೆಯ ಕಿಟಕಿ ಬಿಸಿಲು ಇದನ್ನು ತಾನಾಗಿ ಮಾಡುತ್ತದೆ. ಹಿಂದಿನ ಗೋಡೆಗೆ ಹೊಳಪಿಲ್ಲದ ಸುಣ್ಣ ಸಾಕು.

ಇದಕ್ಕೆ ಒಂದು ಅಪವಾದವಿದೆ. ಬಸಾಲ್ಟಿನ ಗುಳ್ಳೆಗಳಲ್ಲಿ ಆಮೇಲೆ ತುಂಬಿಕೊಂಡ ಬಿಳಿಯ ಜಿಯೊಲೈಟ್ ಹರಳುಗಳ ಕೆಲವು ಬಗೆಗಳು ತಮ್ಮೊಳಗಿನ ನೀರನ್ನು ಕಳೆದುಕೊಂಡು ಪುಡಿಯಾಗುತ್ತವೆ. ಸೊಲ್ಲಾಪುರದ ಬೇಸಿಗೆಯಲ್ಲಿ ಕಿಟಕಿಯ ಬಿಸಿಲಿಗೆ ಇಟ್ಟ ಅಂಥ ಹರಳಿನ ಕೆಳಗೆ ಒಂದು ದಿನ ಬಿಳಿ ಹಿಟ್ಟಷ್ಟೇ ಉಳಿದೀತು. ಅವುಗಳಿಗೆ ಮಾತ್ರ ಮುಚ್ಚಿದ ಪೆಟ್ಟಿಗೆ ಬೇಕು. ಉಳಿದ ಕಲ್ಲುಗಳೆಲ್ಲ ಕೈಗೆ ಸಿಗಬೇಕು. ಒಂದೇ ಕಲ್ಲನ್ನು ಒಡೆದು, ಗಾಳಿಮಳೆಗೆ ಕಂದಿದ ಹೊರಮೈಯನ್ನೂ ಕಪ್ಪಾದ ಹೊಸ ಮೈಯನ್ನೂ ಅಕ್ಕಪಕ್ಕದಲ್ಲಿಟ್ಟು, ಒಂದು ಬಟ್ಟಲು ನೀರು ಮತ್ತು ಸರಪಳಿ ಕಟ್ಟಿದ ಭೂತಗನ್ನಡಿಯನ್ನು ಜೊತೆಗಿರಿಸಿದರೆ ಬೇರೆ ಯಂತ್ರ ಬೇಕಿಲ್ಲ. ಒದ್ದೆ ಮಾಡಿದ ಕಲ್ಲು ತನ್ನ ಹರಳುಗಳನ್ನು ತೋರಿಸಿಕೊಡುತ್ತದೆ. ಪಕ್ಕದಲ್ಲೊಂದು ಬೀಸುವ ಕಲ್ಲು, ಒಂದು ಒಳ್ಳು ಇರಲಿ. ಈ ಸೀಮೆಯ ಹಿರಿಯ ಹೆಂಗಸರ ಅಂಗೈಗೆ ಬಸಾಲ್ಟಿನ ಪರಿಚಯ ಯಾವ ಭೂವಿಜ್ಞಾನಿಗಿಂತಲೂ ಹಳೆಯದು.

ಕಲ್ಲಿನ ಕೋಣೆ ಬರಿಯ ಕುತೂಹಲದ ತಾಣವೇ ಎಂಬ ಪ್ರಶ್ನೆ ಏಳಬಹುದು. ಮಂಗಳವೇಢೆಯ ದಕ್ಷಿಣ ಭಾಗದ ಹಳ್ಳಿಗಳು ನೀರಿಗಾಗಿ ದಶಕಗಳಿಂದ ಬೇಡಿಕೆ ಇಡುತ್ತ ಬಂದಿವೆ. ಅಲ್ಲಿನ ನೀರಿನ ಕೊರತೆಗೆ ಮಳೆ ಎಷ್ಟು ಕಾರಣವೋ ಕಲ್ಲೂ ಅಷ್ಟೇ ಕಾರಣ. ಇಡಿಯಾದ ಬಸಾಲ್ಟಿನಲ್ಲಿ ನೀರು ನಿಲ್ಲಲು ಎಡೆಯೇ ಇಲ್ಲ; ನೀರಿರುವುದು ಗರಸಿನಲ್ಲಿ, ಗುಳ್ಳೆಗಲ್ಲಿನಲ್ಲಿ, ಬಿರುಕುಗಳಲ್ಲಿ. ಗಟ್ಟಿ ಹಾಸು ಬಂದ ಮೇಲೂ ಕೊಳವೆಯನ್ನು ನೂರಾರು ಅಡಿ ಇಳಿಸುವವನು ಹಲವು ವೇಳೆ ಕಲ್ಲಿನ ಹಿಟ್ಟಿಗೇ ಹಣ ಕೊಟ್ಟಿರುತ್ತಾನೆ. ಬಾವಿಗೋಡೆಯ ಪಕ್ಕದಲ್ಲಿ ಒಂದು ಕೊಳವೆಬಾವಿಯ ಹಿಟ್ಟನ್ನು ಹತ್ತು ಹತ್ತು ಅಡಿಗೆ ಒಂದರಂತೆ ಗಾಜಿನ ನಳಿಗೆಗಳಲ್ಲಿ ತುಂಬಿ ಸಾಲಾಗಿ ನಿಲ್ಲಿಸಿದರೆ, ಕಂದು, ಕಪ್ಪು, ಕೆಂಪು, ಮತ್ತೆ ಕಪ್ಪು ಎಂಬ ಬಣ್ಣಗಳ ಸಾಲಿನಲ್ಲೇ ರೈತನಿಗೆ ತನ್ನ ಹೊಲದ ಲೆಕ್ಕ ಸಿಗುತ್ತದೆ. 1972ರ ಬರದಲ್ಲಿ ಮಹಾರಾಷ್ಟ್ರದ ಹಳ್ಳಿಗರು ಕೂಲಿಗಾಗಿ ಒಡೆದ ಖಡಿ ಇದೇ ಕಲ್ಲು. ಆ ಕಾಲದ ಸುತ್ತಿಗೆಯೊಂದು ಈ ಕೋಣೆಯಲ್ಲಿ ಇರತಕ್ಕದ್ದೇ.

ಇನ್ನೊಂದು ಸಂಗತಿ ಇದಕ್ಕಿಂತ ಗಂಭೀರವಾದುದು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಸೊಲ್ಲಾಪುರದ ಈಶಾನ್ಯಕ್ಕಿರುವ ಕಿಲ್ಲಾರಿಯ ಸುತ್ತ ಭೂಮಿ ನಡುಗಿತು. ಲಾತೂರ, ಉಸ್ಮಾನಾಬಾದ ಜಿಲ್ಲೆಗಳಲ್ಲಿ ಸತ್ತವರು ಸುಮಾರು 10,000 ಎಂಬ ಅಂದಾಜಿದೆ. ಅವರಲ್ಲಿ ಬಹುಪಾಲು ಜನರನ್ನು ಕೊಂದುದು ಮನೆ: ಮಣ್ಣಿನಲ್ಲಿ ಕೂರಿಸಿದ ಕರಿಗಲ್ಲಿನ ದಪ್ಪ ಗೋಡೆ, ಅದರ ಮೇಲೆ ಮಣ್ಣು ಹೇರಿದ ಮಾಳಿಗೆ. ಗೋಡೆಯ ಒಳಮೈ ಹೊರಮೈಗಳನ್ನು ಒಟ್ಟಿಗೆ ಹಿಡಿಯುವ ಉದ್ದಗಲ್ಲುಗಳಿಲ್ಲದೆ ಗೋಡೆಗಳು ಸೀಳಿ ಬಿದ್ದವು. ಅಂಥದೇ ಮನೆಗಳು ಅಕ್ಕಲಕೋಟೆ, ಆಳಂದ, ಇಂಡಿಗಳ ಹಳ್ಳಿಗಳಲ್ಲಿ ಇಂದಿಗೂ ಇವೆ. ಎರಡು ಅಡಿ ಉದ್ದದ ಗೋಡೆಯ ತುಂಡುಗಳನ್ನು, ಉದ್ದಗಲ್ಲಿರುವುದೊಂದು ಇಲ್ಲದಿರುವುದೊಂದು, ಕೋಣೆಯಲ್ಲಿ ಕಟ್ಟಿ ಅಡ್ಡ ಕತ್ತರಿಸಿ ತೋರಿಸಿದರೆ ಗವಂಡಿಗೂ ಮನೆಯೊಡೆಯನಿಗೂ ಬೇರೆ ಪಾಠ ಬೇಡ.

ಆ ಭೂಕಂಪದ ಬಳಿಕ ಕಿಲ್ಲಾರಿಯಲ್ಲಿ ಸಂಶೋಧನೆಗಾಗಿ ಒಂದು ಆಳವಾದ ರಂಧ್ರವನ್ನು ಕೊರೆಯಲಾಯಿತು. ಬಸಾಲ್ಟ್ 338 ಮೀಟರಿಗೆ ಮುಗಿಯಿತು. ಅದರ ಕೆಳಗೆ 8 ಮೀಟರು ಲಾವಾಪೂರ್ವದ ಸಂಚಿತ ಮಣ್ಣುಗಲ್ಲು; ಅದರಡಿಯಲ್ಲಿ ನೈಸ್ ಎಂಬ ಬಹು ಪ್ರಾಚೀನ ಶಿಲೆ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಕಾಪಿಟ್ಟಿರುವ, ಸುಮಾರು 300 ಕೋಟಿ ವರ್ಷ ಹಳೆಯದಾದ ಬಂಡೆಯೂ ನೈಸ್. ದಕ್ಷಿಣ ಕರ್ನಾಟಕದಲ್ಲಿ ಬಯಲಿಗೆ ಬಂದಿರುವ ಆದಿಶಿಲೆಯ ಜಾತಿ ಇಲ್ಲಿ ಕರಿಗಲ್ಲಿನ ಹೊದಿಕೆಯಡಿ ಮಲಗಿದೆ. ಬಾವಿಗೋಡೆಯ ಬುಡದಲ್ಲಿ, ನೆಲಕ್ಕೆ ತಾಗಿದಂತೆ, ಒಂದು ನೈಸ್ ತುಂಡನ್ನಿಟ್ಟರೆ ಸಾಕು.

ಇನ್ನು ಚೀಟಿಗಳ ಮಾತು. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ತಾಲೂಕುಗಳ ಕನ್ನಡ ಶಾಲೆಗಳ ಮಕ್ಕಳು ಬಾಲಭಾರತಿ ಪ್ರಕಟಿಸುವ ಕನ್ನಡ ಪಠ್ಯಪುಸ್ತಕಗಳನ್ನು ಓದುತ್ತಾರೆ. ಅವರ ಮನೆಯಲ್ಲಿರುವ ನೆಲದ ಪದಗಳು ಬೇರೆ: ಎರೆ, ಮಸಾರಿ, ಮಡ್ಡಿ, ಸವಳು, ಗರಸು, ಹಾಸುಗಲ್ಲು. ಚೀಟಿ ಈ ಪದಗಳಿಂದ ಆರಂಭವಾಗಿ ಶಾಸ್ತ್ರದ ಪದಕ್ಕೆ ಹೋಗಬೇಕು. 'ಅಗ್ನಿಶಿಲೆ' ಎಂದಷ್ಟೇ ಬರೆದರೆ ಮಗು ಉರಿಯುವ ಕಲ್ಲನ್ನು ಕಲ್ಪಿಸಿಕೊಂಡೀತು; 'ಕರಿಗಲ್ಲು' ಎಂದು ತೊಡಗಿ, ಕರಗಿದ ರಸ ಆರಿ ಆದ ಕಲ್ಲು ಎಂದು ಹೇಳಿ, ಅನಂತರ ಬಸಾಲ್ಟ್ ಎಂಬ ಹೆಸರಿಟ್ಟರೆ ಮೂರೂ ನಿಲ್ಲುತ್ತವೆ.

ಆದರೆ ಆಡುಮಾತನ್ನು ಕಣ್ಣು ಮುಚ್ಚಿ ನಂಬುವಂತೆಯೂ ಇಲ್ಲ. ಇಲ್ಲಿ ಬಸಾಲ್ಟಿಗೆ ಸಲ್ಲುವ ಕರಿಗಲ್ಲೆಂಬ ಹೆಸರು ಮೈಸೂರು ಕಡೆ ಬೇರೆ ಕಪ್ಪು ಶಿಲೆಗಳಿಗೆ ಸಲ್ಲುತ್ತದೆ. ಎರೆಯೊಳಗಿನ ಸುಣ್ಣದ ಹರಳೂ ಶಹಾಬಾದದ ಫರಸಿಯ ಸುಣ್ಣಗಲ್ಲೂ ಹೆಸರಿನಲ್ಲಿ ನೆಂಟರು, ಹುಟ್ಟಿನಲ್ಲಿ ಅಲ್ಲ: ಮೊದಲನೆಯದು ಮಣ್ಣಿನ ನೀರು ಆವಿಯಾದಲ್ಲಿ ಗಂಟುಗಟ್ಟಿದುದು, ಎರಡನೆಯದು ಪ್ರಾಚೀನ ಕಡಲಿನ ತಳದಲ್ಲಿ ಪದರಗಟ್ಟಿದುದು. ಇಂಥ ಕಡೆ ಎರಡು ಕಲ್ಲುಗಳನ್ನೂ ಒಂದೇ ಚೀಟಿಯ ಕೆಳಗಿಟ್ಟು ಭೇದವನ್ನು ಹೇಳುವುದು ಮೇಲು. ಮಾಳ, ಮುರುಮು, ಫರಸಿಯಂಥ ಪದಗಳು ಕನ್ನಡ ಮರಾಠಿಗಳೆರಡರಲ್ಲೂ ನಡೆಯುತ್ತವೆ. ಅವನ್ನು ಎರಡು ಲಿಪಿಗಳಲ್ಲಿ ಅಕ್ಕಪಕ್ಕ ಬರೆದರೆ ಸಾಕು, ಅನುವಾದದ ಅಗತ್ಯವಿಲ್ಲ. ಮೂರು ನಾಲ್ಕು ಭಾಷೆಗಳಲ್ಲಿ ಉದ್ದುದ್ದ ಬರೆದು ಅಕ್ಷರ ಕಿರಿದಾಗಿಸುವುದಕ್ಕಿಂತ, ಒಂದೊಂದು ಭಾಷೆಗೆ ಐದಾರು ಸಾಲು ಮೀರದಂತೆ ನೋಡಿಕೊಳ್ಳುವುದು ಲೇಸು.

ಬಾವಿ ತೋಡುವ ಕೆಲಸ ಕಡಿಮೆಯಾದಂತೆ ಅದರ ಪದಗಳೂ ಬಳಕೆ ತಪ್ಪುತ್ತಿವೆ. ಯಂತ್ರ ಕೊರೆದ ಆರಂಗುಲದ ರಂಧ್ರದಲ್ಲಿ ಯಾರೂ ನೆಲವನ್ನು ಕಾಣುವುದಿಲ್ಲ. ಕಾಣದ ಪದರಿಗೆ ಹೆಸರು ಬೇಕಾಗುವುದೂ ಇಲ್ಲ. ಕೋಣೆಯ ಚೀಟಿಗಳನ್ನು ಬರೆಯುವವರು ನಿಘಂಟಿಗೆ ಹೋಗುವ ಮೊದಲು, ಹಾರೆ ಹಿಡಿದು ಇಳಿದ ಮುದುಕರಲ್ಲಿಗೆ ಹೋಗಿ ಪದರ ಪದರದ ಹೆಸರನ್ನು ಕೇಳಿ ಬರೆದುಕೊಳ್ಳುವುದು ತುರ್ತಿನ ಕೆಲಸ. ಸರ್ಕಾರಿ ಅನುದಾನಕ್ಕಾಗಿ ಇದು ಕಾಯಬೇಕಾಗಿಲ್ಲ.

ಕಾಲದ ಹಾದಿಯನ್ನೂ ಇಲ್ಲಿ ಮಾಡಬಹುದು. ಯಾವಪೈಯ ಅಳತೆಯನ್ನೇ ಹಿಡಿದರೆ ಒಂದು ಮಿಲಿಮೀಟರು ಸಾವಿರ ವರ್ಷ. ಸೊಲ್ಲಾಪುರದಲ್ಲಿ ಸಿದ್ಧರಾಮ ಕೆರೆ ಕಟ್ಟಿಸಿದ 12ನೆಯ ಶತಮಾನ ಬಾಗಿಲ ಹೊಸ್ತಿಲಿನಿಂದ ಒಂದು ಮಿಲಿಮೀಟರಿನ ಒಳಗೇ ಬರುತ್ತದೆ. ಕರಿಗಲ್ಲು ಹರಿದ ಕಾಲ 66 ಮೀಟರಿಗೆ, ಅಂದರೆ ಅಂಗಳ ದಾಟಿ ಬೀದಿಯ ತುದಿಗೆ. ಅಲ್ಲಿಯವರೆಗೆ ಒಂದು ಹಗ್ಗ ಎಳೆದು ಗಂಟು ಹಾಕಬಹುದು. ನೈಸ್ ಮಾತ್ರ 3 ಕಿಲೋಮೀಟರಿನಾಚೆ, ಯಾವುದೋ ಹೊಲದ ಬದುವಿನಲ್ಲಿ ಬೀಳುತ್ತದೆ. ಅಲ್ಲೊಂದು ಕಲ್ಲು ನೆಟ್ಟು, ಕೋಣೆಯ ಕೊನೆಯ ಚೀಟಿಯಲ್ಲಿ ಅದರ ದಿಕ್ಕನ್ನೂ ಆ ಹೊಲದ ಹೆಸರನ್ನೂ ಬರೆದರಾಯಿತು.